ಜೀರ್ಣನೌಕೆಯ ಅಟ್ಟದ ವಿನ್ಯಾಸ

ದೇವಾಲಯವು ಜೀರ್ಣವಾದರೆ ಅದನ್ನು ಉದ್ಧರಿಸತಕ್ಕ ಕ್ರಮವು ಆಗಮಗಳಲ್ಲಿಯೂ ಶಿಲ್ಪಗ್ರಂಥಗಳಲ್ಲಿಯೂ ಉಕ್ತವಾಗಿದೆ. ಮಯಮತದಲ್ಲಿ ‘ಅನುಕರ್ಮವಿಧಿ’ ಎಂಬ ಅಧ್ಯಾಯವೇ ಇದಕ್ಕೆ ಮೀಸಲಾಗಿರುವುದು. ನೌಕೆಯೂ ಮರದಿಂದ ಕಟ್ಟಿದ ಒಂದು ಆಲಯವೇ ಸರಿ. ಅದೂ ಜೀರ್ಣವಾಗುತ್ತದೆ, ಅದನ್ನೂ ಉದ್ಧರಿಸಬೇಕಾಗುತ್ತದೆ. ನಮ್ಮ ಕರಾವಳಿಯ ಹಳೆಯ ಮೀನುದೋಣಿಯೊಂದನ್ನು ಮತ್ತೆ ನೀರಿಗಿಳಿಸಲು ಹೊರಟವನು ಅದರ ಅಟ್ಟದ ಮೇಲೆ ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು, ಹೊಸದಾಗಿ ಇಡತಕ್ಕದ್ದನ್ನು ಎಲ್ಲಿ ಇಡಬೇಕು ಎಂಬುದನ್ನು ಯಾವ ಪ್ರಮಾಣದಿಂದ ನಿರ್ಣಯಿಸಬೇಕು? ಇದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಸಾಹಿತ್ಯವನ್ನು ಪಾಠಹೇಳುವವರಿಗೆ ಬಡಗಿಯ ಈ ಚಿಂತೆಯಿಂದ ಪ್ರಯೋಜನವೇನೆಂದು ಕೇಳಬಹುದು. ಪ್ರಯೋಜನ ಎರಡು ಬಗೆ. ಕೂಪಕ, ಕ್ಷೇಪಣಿ, ಅರಿತ್ರ ಮುಂತಾದ ಶಬ್ದಗಳನ್ನು ನಾವು ವಸ್ತುವನ್ನು ಕಾಣದೆಯೇ ಬಾಯಿಪಾಠ ಮಾಡಿಸುತ್ತಿದ್ದೇವೆ; ವಸ್ತುವಿನ ಪರಿಚಯವಾದರೆ ಶಬ್ದಾರ್ಥವು ಸ್ಥಿರವಾಗುತ್ತದೆ. ಇದು ಮೊದಲನೆಯದು. ಎರಡನೆಯದು ಇದಕ್ಕಿಂತ ದೊಡ್ಡದು. ಗ್ರಂಥದಲ್ಲಿ ಪಾಠವನ್ನು ತಪ್ಪಾಗಿ ತಿದ್ದಿದರೆ ಅರ್ಥವು ಕೆಡುತ್ತದೆ. ದೋಣಿಯ ಅಟ್ಟವನ್ನು ತಪ್ಪಾಗಿ ತಿದ್ದಿದರೆ ಜನರ ಪ್ರಾಣವು ಹೋಗುತ್ತದೆ. ಹೇಗೆಂಬುದನ್ನು ಮುಂದೆ ಹೇಳುವೆವು.

೧. ಅಟ್ಟದ ಸ್ವರೂಪ

ನೌಕೆಯ ಒಡಲನ್ನು ಮೇಲಿನಿಂದ ಮುಚ್ಚುವ ಹಲಗೆಯ ಹಾಸನ್ನು ಇಲ್ಲಿ ಅಟ್ಟವೆಂದು ಕರೆದಿದೆ. ಯಂತ್ರದ ದೋಣಿಗಳಲ್ಲಿ ದುಡಿಯುವವರು ಅದನ್ನು ಡೆಕ್ಕು ಎನ್ನುತ್ತಾರೆ. ಕಡಲಿಗೆ ದೂರವಾದ ಬೆಂಗಳೂರಿನ ವಾಚಕರು ಇದರ ತತ್ತ್ವವನ್ನು ಹಲಸೂರು ಕೆರೆಯಂತಹ ಜಲಾಶಯದ ದಡದಲ್ಲಿ ನಿಂತೇ ತಿಳಿಯಬಹುದು. ಕೆರೆಯಲ್ಲಿ ಬಲೆ ಬಿಡುವವನ ಹರಿಗೋಲಿಗೆ ಅಟ್ಟವಿಲ್ಲ. ಆದರೂ ಅದಕ್ಕೊಂದು ವಿನ್ಯಾಸವುಂಟು. ಅವನು ಹುಟ್ಟು ಹಿಡಿದು ಒಂದು ಅಂಚಿಗೆ ಕುಳಿತರೆ ಬಲೆಯ ರಾಶಿಯು ಎದುರಂಚಿಗೆ ಇರಬೇಕು. ಇಲ್ಲದಿದ್ದರೆ ಹರಿಗೋಲು ವಾಲುತ್ತದೆ. ವಿಹಾರಕ್ಕೆಂದು ದೋಣಿ ಹತ್ತಿದವರಿಗೂ, ಒಬ್ಬನು ತಟ್ಟನೆ ಎದ್ದುನಿಂತರೆ ಆಗುವ ತೂಗಾಟವು ಅನುಭವಸಿದ್ಧವಾದುದೇ. ಭಾರವು ಎರಡು ಪಕ್ಕಗಳಿಗೂ ಸಮವಾಗಿರಬೇಕು. ಭಾರವು ಸಾಧ್ಯವಾದಷ್ಟು ಕೆಳಗಿರಬೇಕು. ಈ ಎರಡು ಸೂತ್ರಗಳು ಹರಿಗೋಲಿಗೆ ಹೇಗೋ ಹಡಗಿಗೂ ಹಾಗೆಯೇ ಸಲ್ಲುವುವು.

ಅಟ್ಟವುಳ್ಳ ಮೀನುದೋಣಿಯಲ್ಲಿ ಇವೆರಡರೊಡನೆ ಕೆಲಸದ ಅನುಕ್ರಮವೂ ಸೇರುತ್ತದೆ. ಬಲೆಯು ನೀರಿನಿಂದ ಅಟ್ಟಕ್ಕೆ ಬರುವುದು. ಮೀನು ಬಲೆಯಿಂದ ಬೇರೆಯಾಗುವುದು. ಅಟ್ಟದ ಬಾಯಿಯ ಮೂಲಕ ಒಡಲಿನ ಕಣಜಕ್ಕೆ ಇಳಿದು ಮಂಜುಗಡ್ಡೆಯ ನಡುವೆ ಕೂಡುವುದು. ದಡದಲ್ಲಿ ಮತ್ತೆ ಅದೇ ಬಾಯಿಯಿಂದ ಮೇಲಕ್ಕೆ ಬಂದು ಬುಟ್ಟಿ ಸೇರುವುದು. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ನಾವು ನೋಡುವ ಕಡಲಮೀನು ಇಂತಹ ದಾರಿಯಲ್ಲಿಯೇ ಬಂದದ್ದು. ಅಮರಸಿಂಹನು ‘ಕುವೇಣೀ’ ಎಂದು ಹೆಸರಿಸಿದ ಮೀನುಬುಟ್ಟಿಯು ಈ ದಾರಿಯ ಕೊನೆಯ ಮೆಟ್ಟಿಲು. ಆ ದಾರಿಗೆ ಎಲ್ಲಿಯೂ ತಡೆಯಿಲ್ಲದಂತೆ ಏರ್ಪಡಿಸುವುದೇ ಅಟ್ಟದ ವಿನ್ಯಾಸವೆನಿಸುವುದು.

೨. ಗ್ರಂಥಗಳ ಸಾಕ್ಷ್ಯ

ಅಮರಕೋಶದ ವಾರಿವರ್ಗದಲ್ಲಿ ನೌಕೆಯ ಅಂಗಗಳೂ ಉಪಕರಣಗಳೂ ಬಂದಿವೆ. ಹಾಯಿಮರಕ್ಕೆ ಕೂಪಕ, ಗುಣವೃಕ್ಷಕ. ಹುಟ್ಟಿಗೆ ನೌಕಾದಂಡ, ಕ್ಷೇಪಣೀ. ಚುಕ್ಕಾಣಿಗೆ ಅರಿತ್ರ, ಕೇನಿಪಾತಕ. ಒಳಗೆ ಸೇರಿದ ನೀರನ್ನು ಎತ್ತಿಹಾಕುವ ಪಾತ್ರೆಗೆ ಸೇಕಪಾತ್ರ, ಸೇಚನ. ನೀರೆತ್ತುವ ಪಾತ್ರೆಗೂ ಎರಡು ಹೆಸರುಗಳನ್ನು ಕೊಟ್ಟ ಕೋಶಕಾರನು ಈ ಪಟ್ಟಿಯಲ್ಲಿ ಅಟ್ಟಕ್ಕೆ ಹೆಸರನ್ನು ಹೇಳಲಿಲ್ಲ. ಅವನ ದೃಷ್ಟಿಯು ಹೊಳೆ ದಾಟಿಸುವ ತೆರೆದ ದೋಣಿಯ ಮೇಲೆ ಹೆಚ್ಚಾಗಿ ಇದ್ದಿತೆಂದು ಇದರಿಂದ ಊಹಿಸಬಹುದು. ದಾಟಿಸುವ ಕೂಲಿಯಾದ ಆತರ, ತರಪಣ್ಯಗಳೂ ಅಲ್ಲಿಯೇ ಹೇಳಲ್ಪಟ್ಟಿವೆ.

ಅಟ್ಟದ ಮೇಲಣ ವ್ಯವಸ್ಥೆಯನ್ನು ಕುರಿತು ಸ್ಪಷ್ಟವಾಗಿ ಮಾತನಾಡುವ ಗ್ರಂಥವು ಧಾರಾಧೀಶನಾದ ಭೋಜನದೆಂದು ಹೇಳಲಾಗುವ ಯುಕ್ತಿಕಲ್ಪತರು. ಅದರಲ್ಲಿ ಮಂದಿರವು, ಎಂದರೆ ಕೋಣೆಯು, ಇರುವ ಸ್ಥಳವನ್ನನುಸರಿಸಿ ನೌಕೆಗಳು ಮೂರು ವಿಧ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮಂದಿರವುಳ್ಳದ್ದು ಸರ್ವಮಂದಿರಾ. ಇದು ರಾಜನ ಕೋಶ, ಕುದುರೆ, ಸ್ತ್ರೀಜನ ಇವರನ್ನು ಸಾಗಿಸಲು. ನಡುವೆ ಮಂದಿರವುಳ್ಳದ್ದು ಮಧ್ಯಮಂದಿರಾ. ಇದು ವಿಲಾಸಯಾತ್ರೆಗೂ ಮಳೆಗಾಲಕ್ಕೂ. ಮುಂಭಾಗದಲ್ಲಿ ಮಂದಿರವುಳ್ಳದ್ದು ಅಗ್ರಮಂದಿರಾ. ಇದು ಮಳೆ ಕಳೆದ ಮೇಲಣ ದೀರ್ಘಯಾತ್ರೆಗೂ ಯುದ್ಧಕ್ಕೂ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಗ್ರಂಥಕಾರನು ಒಡಲಿನ ಅಳತೆಗಳಿಂದ ಒಂದು ವಿಭಾಗವನ್ನು ಮಾಡಿ ಮುಗಿಸಿದ ಮೇಲೆ, ಅಟ್ಟದ ಮೇಲೆ ಏನು ಎಲ್ಲಿದೆ ಎಂಬುದರಿಂದ ಮತ್ತೊಂದು ವಿಭಾಗವನ್ನು ಮಾಡಿ, ಪ್ರತಿಯೊಂದಕ್ಕೂ ಕಾಲವನ್ನೂ ಉಪಯೋಗವನ್ನೂ ಜೋಡಿಸಿದ್ದಾನೆ. ಅಟ್ಟದ ವಿನ್ಯಾಸವು ಅಲಂಕಾರವಲ್ಲ, ನೌಕೆಯ ವಿನಿಯೋಗದ ಲಕ್ಷಣವೇ ಅದು ಎಂಬ ಮತವು ಇಲ್ಲಿ ಗರ್ಭಿತವಾಗಿದೆ.

ಅದೇ ಗ್ರಂಥವು ಸಾಮಾನ್ಯನೌಕೆಗಳ ಹತ್ತು ಭೇದಗಳಲ್ಲಿ ಭೀಮಾ, ಭಯಾ, ಗರ್ಭರಾ ಎಂಬ ಮೂರನ್ನು ಅಶುಭವೆಂದು ಹೇಳುತ್ತದೆ. ಅವುಗಳ ಅಳತೆಯು ನೀರಿನಲ್ಲಿ ಸಮತೋಲಕ್ಕೆ ಒದಗದಿದ್ದುದೇ ಇದಕ್ಕೆ ಕಾರಣವಾಗಿರಬಹುದೆಂದು ರಾಧಾಕುಮುದ ಮುಖರ್ಜಿಯವರು ೧೯೧೨ರಲ್ಲಿ ಪ್ರಕಟವಾದ ತಮ್ಮ ನೌಕಾಚರಿತ್ರೆಯಲ್ಲಿ ಸೂಚಿಸಿರುವರು. ಈ ಸೂಚನೆಯು ಯುಕ್ತವಾಗಿಯೇ ತೋರುತ್ತದೆ.

೩. ವಿನಿಯೋಗನಿರ್ಣಯ

ಜೀರ್ಣೋದ್ಧಾರದಲ್ಲಿ ಎರಡು ಪಕ್ಷಗಳುಂಟು. ಇದ್ದುದನ್ನು ಇದ್ದಂತೆಯೇ ಇಡಬೇಕೆಂಬುದು ಒಂದು. ಒಡಲು ಮಾತ್ರ ಹಳೆಯದು, ಅಟ್ಟವನ್ನು ಯಜಮಾನನ ಸೌಕರ್ಯದಂತೆ ಹೊಸದಾಗಿ ಹಾಕಬಹುದೆಂಬುದು ಇನ್ನೊಂದು. ಎರಡೂ ವಿಚಾರಸಹವಲ್ಲ. ಹಳೆಯ ಅಟ್ಟದಲ್ಲಿ ಮೂಲದ ಕೆಲಸದೊಡನೆ ನಡುನಡುವೆ ಮಾಡಿದ ಅವಸರದ ತೇಪೆಗಳೂ ಇರುತ್ತವೆ. ಅವೆಲ್ಲವನ್ನೂ ಉಳಿಸುವುದು ಲಿಪಿಕಾರನ ಕೈತಪ್ಪನ್ನೂ ಮೂಲಪಾಠವೆಂದು ಅಚ್ಚುಹಾಕಿದಂತೆ. ಎಲ್ಲವನ್ನೂ ಕಿತ್ತುಹಾಕುವುದಾದರೋ ಓಲೆಯನ್ನು ಓದುವುದಕ್ಕೆ ಮೊದಲೇ ಸುಟ್ಟಂತೆ.

ಆದಕಾರಣ ಅಟ್ಟದ ಪ್ರತಿಯೊಂದು ಅಂಗಕ್ಕೂ ವಿನಿಯೋಗವೇನೆಂಬುದನ್ನು ಮೊದಲು ನಿರ್ಣಯಿಸಬೇಕು. ಮೀಮಾಂಸಕರು ವಿನಿಯೋಗಕ್ಕೆ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯಾ ಎಂಬ ಆರು ಪ್ರಮಾಣಗಳನ್ನು ಹೇಳಿ, ವಿರೋಧ ಬಂದಲ್ಲಿ ಹಿಂದಿನದು ಮುಂದಿನದಕ್ಕಿಂತ ಬಲವತ್ತರವೆಂದು ವ್ಯವಸ್ಥೆಮಾಡಿದ್ದಾರೆ. ಈ ಕ್ರಮವನ್ನು ದೋಣಿಗೂ ಅನ್ವಯಿಸಬಹುದು.

ಆ ದೋಣಿಯನ್ನು ಕಟ್ಟಿದ ಆಚಾರಿಯ ಅಥವಾ ಅದರಲ್ಲಿ ದುಡಿದವನ ನೇರವಾದ ಮಾತು ಶ್ರುತಿಸ್ಥಾನೀಯ. ಅಂತಹವನು ಬದುಕಿರುವಾಗಲೇ ಕೇಳಿಕೊಳ್ಳಬೇಕು. ವಸ್ತುವಿನ ಸಾಮರ್ಥ್ಯವೇ ಲಿಂಗ: ಗೂಟದ ಕುತ್ತಿಗೆಯಲ್ಲಿ ಹಗ್ಗ ಸವೆಸಿದ ಗೆರೆಯಿದ್ದರೆ ಅಲ್ಲಿ ಹಗ್ಗವು ಓಡುತ್ತಿದ್ದಿತೆಂದೂ, ಹಲಗೆಯ ಕೆಳಗೆ ಹೆಚ್ಚಿನ ತೊಲೆಯಿದ್ದರೆ ಅಲ್ಲಿ ಭಾರವಾದುದು ಕುಳಿತಿತ್ತೆಂದೂ ತಿಳಿಯುತ್ತದೆ. ಎರಡು ಅಂಗಗಳ ಪರಸ್ಪರ ಸಂಬಂಧವು ವಾಕ್ಯ: ಆ ಗೂಟಕ್ಕೆ ನೇರವಾಗಿ ದೋಣಿಯ ಅಂಚಿನಲ್ಲಿಯೂ ಸವಕಳಿಯಿದ್ದರೆ ಎರಡೂ ಸೇರಿ ಬಲೆಯೆಳೆಯುವ ದಾರಿಯನ್ನು ಹೇಳುತ್ತವೆ. ಯಾವ ಬಗೆಯ ಮೀನುಗಾರಿಕೆಯ ದೋಣಿಯೆಂಬುದು ಪ್ರಕರಣ. ದಡದಿಂದ ಹೊರಟು ಅರ್ಧಚಂದ್ರಾಕಾರವಾಗಿ ಬಲೆಯನ್ನು ಬಿಡುತ್ತಾ ಮತ್ತೆ ದಡಕ್ಕೆ ಬರುವ ರಂಪಣಿ ದೋಣಿಗೆ ಬಲೆಯ ಮಹಾರಾಶಿಯೇ ಮುಖ್ಯ. ಅದು ತೊಡಕಿಲ್ಲದೆ ಹೊರಬೀಳುವಂತೆ ಜಾಗವು ಬಯಲಾಗಿರಬೇಕು. ತಳದ ಮೇಲೆ ಬಲೆಯನ್ನೆಳೆಯುವ ಟ್ರಾಲ್ ದೋಣಿಗೆ ಹಗ್ಗ ಸುತ್ತುವ ರಾಟೆಯೇ ಮುಖ್ಯ. ೧೯೭೦ರ ದಶಕದ ಕೊನೆಯ ಭಾಗದಲ್ಲಿ ಪರ್ಸೀನ್ ದೋಣಿಗಳು ಹೆಚ್ಚಿ ರಂಪಣಿಯು ಬಹುಮಟ್ಟಿಗೆ ಹಿಂದೆ ಸರಿದುದರಿಂದ, ಈ ಪ್ರಕರಣವನ್ನು ಬಲ್ಲವರು ವಿರಳವಾಗುತ್ತಿದ್ದಾರೆ. ಅಂಗಗಳ ಕ್ರಮವೂ ಸಾಮೀಪ್ಯವೂ ಸ್ಥಾನ: ಮೀನಿಳಿಸುವ ಬಾಯಿಯ ಮಗ್ಗುಲಲ್ಲಿರುವ ಕಟ್ಟೆಯನ್ನು ಮೀನು ಬೇರ್ಪಡಿಸುವುದಕ್ಕೆ ಸೇರಿದುದೆಂದು ಎಣಿಸಬಹುದು.

ಹೆಸರು, ಎಂದರೆ ಸಮಾಖ್ಯೆ, ಎಲ್ಲಕ್ಕಿಂತ ದುರ್ಬಲ. ಏಕೆಂದರೆ ಹೆಸರು ಅಂಗದಿಂದ ಅಂಗಕ್ಕೆ ಜಾರುತ್ತದೆ. ಋಗ್ವೇದದಲ್ಲಿ ಅಶ್ವಿನೀದೇವತೆಗಳ ನೌಕೆಯು ಶತಾರಿತ್ರಾ; ನೂರು ಅರಿತ್ರಗಳೆಂದರೆ ನೂರು ಹುಟ್ಟುಗಳೇ ಆಗಬೇಕು. ಅಮರನಲ್ಲಿಯಾದರೋ ಅದೇ ಅರಿತ್ರವು ಕೇನಿಪಾತಕದೊಡನೆ ಸೇರಿ ಚುಕ್ಕಾಣಿಯಾಗಿದೆ. ಹೆಸರನ್ನೇ ನಂಬಿ ಜೀರ್ಣೋದ್ಧಾರ ಮಾಡುವವನು ಹುಟ್ಟಿನ ಜಾಗದಲ್ಲಿ ಚುಕ್ಕಾಣಿಯನ್ನು ಕೂರಿಸಿಯಾನು.

ಆರು ಪ್ರಮಾಣಗಳಿಗೂ ಸಿಕ್ಕದ ಅಂಗವೊಂದು ಉಳಿದರೆ ಅದನ್ನು ತೆಗೆಯಬಾರದು. ಅರ್ಥವಾಗದ ಪಾಠವನ್ನು ಸುಲಭವಾಗಿ ತಿದ್ದಬಾರದೆಂಬ ಗ್ರಂಥಸಂಪಾದಕರ ನಿಯಮವೇ ಇಲ್ಲಿಯೂ ಶರಣ್ಯ.

೪. ವಿನ್ಯಾಸದ ಕ್ರಮ

ಒಂದು ಹಲಗೆಯನ್ನು ಕೀಳುವುದಕ್ಕೆ ಮುಂಚೆಯೇ ಒಡಲು ಆಕಾರಗೆಡದಂತೆ ಸುತ್ತಲೂ ಊರೆಗೊಟ್ಟು, ಮೂತಿಯಿಂದ ಹಿಂಬದಿಯವರೆಗೆ ನಡುಗೆರೆಗೆ ನೂಲು ಹಿಡಿದು, ಅಡ್ಡತೊಲೆಗಳಿಗೆಲ್ಲಾ ಸಂಖ್ಯೆಯನ್ನು ಬರೆಯಬೇಕು. ಗೂಟ, ಬಾಯಿ, ಹಳೆಯ ಮೊಳೆಯ ತೂತು, ಸವಕಳಿ ಇವೆಲ್ಲವನ್ನೂ ನಡುಗೆರೆಯಿಂದ ಅಳೆದು ನಕ್ಷೆಯಲ್ಲಿ ಗುರುತಿಸಬೇಕು. ಹೊಸ ವ್ಯವಸ್ಥೆಯನ್ನು ಕಾಗದದಲ್ಲಿ ಮಾತ್ರ ನೋಡಿದರೆ ಸಾಲದು. ನೆಲದ ಮೇಲೆ ಸುಣ್ಣದಿಂದ ಪೂರ್ಣಪ್ರಮಾಣದಲ್ಲಿ ಬರೆದು, ತುಂಬಿದ ಬುಟ್ಟಿ ಹೊತ್ತವನು ತಿರುಗಲು ಜಾಗವಿದೆಯೇ, ಚುಕ್ಕಾಣಿಯವನಿಗೆ ಮುಂದಿನ ನೀರು ಕಾಣುತ್ತದೆಯೇ ಎಂದು ನಡೆದು ನೋಡಬೇಕು.

ಬಲಾಬಲದಲ್ಲಿ ಮೊದಲನೆಯದು ತೊಲೆಗಳು. ಅಟ್ಟದ ತೊಲೆಗಳು ಹಲಗೆಯನ್ನು ಹೊರುವುದಷ್ಟೇ ಅಲ್ಲ, ಎರಡು ಪಕ್ಕಗಳನ್ನೂ ಹಿಡಿದು ನಿಲ್ಲಿಸುತ್ತವೆ. ಬಾಯಿಯನ್ನು ಅಗಲಮಾಡಲು ತೊಲೆಯನ್ನು ಕತ್ತರಿಸಿದರೆ, ಕತ್ತರಿಸಿದ ತುದಿಗಳನ್ನು ಉದ್ದಮರಗಳಿಗೆ ಜೋಡಿಸಿ ಆ ಭಾರವನ್ನು ಅಕ್ಕಪಕ್ಕದ ತೊಲೆಗಳಿಗೆ ಒಪ್ಪಿಸಬೇಕು. ಎರಡನೆಯದು ಭಾರ. ಮೀನಿನ ಕಣಜವು ನಡುಭಾಗಕ್ಕೆ ಸಮೀಪವಾಗಿದ್ದರೆ ತುಂಬಿದರೂ ಬರಿದಾದರೂ ದೋಣಿಯ ಮೂತಿಯು ಬಹಳವಾಗಿ ಏರಿಳಿಯದು. ಕಣಜದಲ್ಲಿ ಅಡ್ಡಹಲಗೆಗಳಿರಬೇಕು, ಇಲ್ಲದಿದ್ದರೆ ದೋಣಿ ವಾಲಿದ ಕಡೆಗೆ ಮೀನೂ ಮಂಜುಗಡ್ಡೆಯೂ ಜಾರಿ ವಾಲಿಕೆಯನ್ನು ಹೆಚ್ಚಿಸುವುವು.

ಮೂರನೆಯದು ನೀರು. ಅಟ್ಟವು ನಡುವೆ ಸ್ವಲ್ಪ ಉಬ್ಬಿರಬೇಕು. ಬಾಯಿಯ ಸುತ್ತಲೂ ಎತ್ತರವಾದ ಕಟ್ಟೆಯಿರಬೇಕು. ಅಂಚಿನಲ್ಲಿ ನೀರು ಹೊರಬೀಳುವ ಕಂಡಿಗಳು ಧಾರಾಳವಾಗಿರಬೇಕು, ಬಲೆಯಾಗಲಿ ಪೆಟ್ಟಿಗೆಯಾಗಲಿ ಅವುಗಳಿಗೆ ಅಡ್ಡವಾಗಬಾರದು. ಅಗಲವಾದ ಅಟ್ಟದ ಮೇಲೆ ನಿಂತ ನೀರು ತಗ್ಗಿನ ಕಡೆಗೆ ಹರಿದು ದೋಣಿಯನ್ನು ಆ ಕಡೆಗೇ ಎಳೆಯುತ್ತದೆ. ಮರದ ದೋಣಿಯನ್ನು ಕೊಳೆಯಿಸುವುದು ಉಪ್ಪುನೀರಿಗಿಂತ ಹೆಚ್ಚಾಗಿ ಸಂದುಗಳಲ್ಲಿ ಇಳಿದು ನಿಲ್ಲುವ ಮಳೆಯ ನೀರು ಎಂಬುದನ್ನೂ ಮರೆಯಬಾರದು. ಆದುದರಿಂದ ಅಟ್ಟದ ಅಡಿಯಲ್ಲಿ ಗಾಳಿಯಾಡಬೇಕು. ಮನುಷ್ಯನ ಸೌಕರ್ಯವು ಈ ಮೂರರ ಅನಂತರದ್ದು.

೫. ವಿನಿಯೋಗವು ಬದಲಾದಾಗ

ಉದ್ಧರಿಸಿದ ದೋಣಿಯು ಮೀನುಗಾರಿಕೆಗೆ ಹಿಂದಿರುಗುವುದು ಅಪೂರ್ವ. ವಿಹಾರಕ್ಕಾಗಿ ಜನರನ್ನು ಹೊರಲು ಅದನ್ನು ಬಳಸುವುದೇ ಹೆಚ್ಚು. ಆಗ ಮೂಲದ ದೋಣಿಯು ಪ್ರಕೃತಿ, ಹೊಸದು ವಿಕೃತಿ. ಪ್ರಕೃತಿಯ ಅಂಗಗಳು ವಿಕೃತಿಗೆ ಅತಿದೇಶದಿಂದ ಬರುವಾಗ ಕೆಲವಕ್ಕೆ ಊಹ, ಎಂದರೆ ತಕ್ಕ ಮಾರ್ಪಾಡು, ಕೆಲವಕ್ಕೆ ಬಾಧ, ಎಂದರೆ ನಿವೃತ್ತಿ. ಈ ವಿವೇಚನೆಯಿಲ್ಲದೆ ಮಾಡಿದ ಬದಲಾವಣೆಯು ಎಂತಹ ಅನರ್ಥಕ್ಕೆ ಕಾರಣವಾಗಬಹುದೆಂಬುದಕ್ಕೆ ಕೇರಳದ ತಾನೂರಿನ ದುರಂತವು ನಿದರ್ಶನ. ಅಲ್ಲಿ ೨೦೨೩ನೆಯ ಇಸವಿ ಮೇ ೭ರಂದು, ಮೀನುದೋಣಿಯನ್ನು ಮಾರ್ಪಡಿಸಿ ಮೇಲಂತಸ್ತು ಕಟ್ಟಿದ್ದ ವಿಹಾರನೌಕೆಯೊಂದು ಮಿತಿಮೀರಿ ಜನರನ್ನು ಹೊತ್ತು ಮಗುಚಿ ೨೨ ಮಂದಿ ಮಡಿದರು.

ತತ್ತ್ವವು ಹಲಸೂರು ಕೆರೆಯ ದಡದಲ್ಲಿ ಕಂಡುದೇ. ಮೀನುದೋಣಿಯ ಭಾರವು ಒಡಲಿನ ಆಳದಲ್ಲಿ, ಅಲುಗದೆ ಇರುತ್ತದೆ. ವಿಹಾರದೋಣಿಯ ಭಾರವು ಅಟ್ಟದ ಮೇಲೆ, ಎರಡು ಕಾಲುಗಳ ಮೇಲೆ ನಿಂತು, ನೋಟವಿರುವ ಕಡೆಗೆಲ್ಲಾ ಓಡುತ್ತದೆ. ಕಣಜವು ಬರಿದಾದ ಮೇಲೆ ಆ ಭಾರಕ್ಕೆ ಪ್ರತಿನಿಧಿಯಾಗಿ ಅಡಿಯಲ್ಲಿ ಅಲುಗದ ತೂಕವನ್ನು ಇಡುವುದು ಊಹ. ಮೇಲಂತಸ್ತನ್ನು ವರ್ಜಿಸುವುದು ಬಾಧ. ಎಷ್ಟು ಮಂದಿಯನ್ನು ಹೊರಬಲ್ಲದೆಂಬುದನ್ನು ಬಲ್ಲವರಿಂದ ಲೆಕ್ಕಹಾಕಿಸಿ ಪರೀಕ್ಷೆಮಾಡಿಸುವುದು ನಿತ್ಯವಿಧಿ.

೬. ಉಪಸಂಹಾರ

ಅಟ್ಟದ ಸಾಕ್ಷ್ಯವು ನಷ್ಟವಾದರೆ ಎಷ್ಟು ಶ್ರಮವೆಂಬುದನ್ನು ಕೌಂಡಿನ್ಯ ನೌಕೆಯು ತೋರಿಸಿಕೊಟ್ಟಿದೆ. ಅಜಂತಾದ ೫ನೆಯ ಶತಮಾನದ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಈ ನೌಕೆಯನ್ನು ೨೦೨೫ನೆಯ ಇಸವಿ ಮೇ ೨೧ರಂದು ನಮ್ಮ ಕಾರವಾರದಲ್ಲಿ ನೌಕಾಪಡೆಗೆ ಸೇರಿಸಿಕೊಳ್ಳಲಾಯಿತು. ಅದೇ ವರ್ಷದ ಡಿಸೆಂಬರ್ ೨೯ರಂದು ಪೋರಬಂದರಿನಿಂದ ಹೊರಟು ೨೦೨೬ರ ಜನವರಿಯಲ್ಲಿ ಮಸ್ಕತ್ತನ್ನು ಸೇರಿತು. ಅದನ್ನು ಕಟ್ಟಿದವರಿಗೆ ಹಳೆಯ ನಕ್ಷೆಯಿರಲಿಲ್ಲ, ಹಳೆಯ ಒಡಲಿರಲಿಲ್ಲ, ನೌಕೆಯಲ್ಲಿ ದುಡಿದವನ ಮಾತಿರಲಿಲ್ಲ. ಗೋಡೆಯ ಮೇಲಣ ಚಿತ್ರವೊಂದಿದ್ದಿತು. ಶ್ರುತಿಯೂ ಲಿಂಗವೂ ಇಲ್ಲದಿರಲಾಗಿ ಉಳಿದುದನ್ನು ಊಹೆಯಿಂದಲೂ ಪರೀಕ್ಷೆಯಿಂದಲೂ ಸಾಧಿಸಬೇಕಾಯಿತು.

ನಮ್ಮ ಮೀನುದೋಣಿಗಳ ವಿಷಯದಲ್ಲಿ ಆ ಸ್ಥಿತಿಯು ಇನ್ನೂ ಬಂದಿಲ್ಲ. ಅಟ್ಟವೂ ಇದೆ, ಅಟ್ಟದ ಮೇಲೆ ನಡೆದವರೂ ಇದ್ದಾರೆ. ಕರಾವಳಿಯ ಶಾಲೆಗಳಲ್ಲಿರುವ ಉಪಾಧ್ಯಾಯಮಿತ್ರರು ಒಂದೊಂದು ಹಳೆಯ ದೋಣಿಯ ಅಟ್ಟವನ್ನು ಅಳೆದು, ಪ್ರತಿಯೊಂದು ಅಂಗದ ಹೆಸರನ್ನೂ ಉಪಯೋಗವನ್ನೂ ಅದರಲ್ಲಿ ದುಡಿದವರ ಬಾಯಿಂದಲೇ ಕೇಳಿ ಬರೆದಿಟ್ಟರೆ, ಅಮರಸಿಂಹನು ಬಿಟ್ಟ ಸ್ಥಳವನ್ನು ಕನ್ನಡದಲ್ಲಿ ತುಂಬಿದಂತಾಗುವುದು. ನಾಳೆ ದೋಣಿಯನ್ನು ಉದ್ಧರಿಸುವವನಿಗೂ ಪ್ರಮಾಣವೊಂದು ಕೈಗೆ ದೊರೆಯುವುದು.