ಆರ್ಗನ್ ಯೊರುಬಾ ಮಾತಾಡಿದಾಗ



ಚರ್ಚಿನ ಪೈಪ್ ಆರ್ಗನ್ ಎಂದರೆ ನಿಮಗೆ ಬಾಖ್ ನೆನಪಾಗಬಹುದು. ಆಫ್ರಿಕದ ಸಂಗೀತ ಎಂದರೆ ಡೋಲು. ಇವೆರಡನ್ನೂ ಬೆಸೆಯುವುದೆಂದರೆ ಆರ್ಗನ್ ಪಕ್ಕದಲ್ಲಿ ಡೋಲು ಬಾರಿಸುವುದು ಎಂದುಕೊಳ್ಳಬೇಡಿ. ನೈಜೀರಿಯದ ಸಂಗೀತಗಾರರು ಈ ಕೆಲಸ ಶುರು ಮಾಡಿದ್ದು ತಮ್ಮ ಭಾಷೆಯನ್ನು ಉಳಿಸಿಕೊಳ್ಳುವುದಕ್ಕಾಗಿ.

ಅಲ್ಲಿನ ಯೊರುಬಾ ಭಾಷೆಯಲ್ಲಿ ಅಕ್ಷರದಷ್ಟೇ ಸ್ವರವೂ ಮುಖ್ಯ. ಮೇಲಿನದು, ನಡುವಿನದು, ಕೆಳಗಿನದು ಎಂದು ಮೂರು ಸ್ವರಮಟ್ಟಗಳಿವೆ. ‘ಒಕೊ’ ಎಂಬ ಪದವನ್ನು ಒಂದೇ ಮಟ್ಟದಲ್ಲಿ ಹೇಳಿದರೆ ಗಂಡ, ಕೊನೆಯನ್ನು ಏರಿಸಿದರೆ ಗುದ್ದಲಿ, ಇಳಿಸಿದರೆ ವಾಹನ!

19ನೆಯ ಶತಮಾನದಲ್ಲಿ ಮಿಷನರಿಗಳ ಕಾಲದ ಚರ್ಚುಗಳಲ್ಲಿ ಇಂಗ್ಲಿಷ್ ಭಕ್ತಿಗೀತೆಗಳನ್ನು ಯೊರುಬಾಗೆ ಅನುವಾದಿಸಿ, ಇಂಗ್ಲಿಷ್ ಧಾಟಿಯಲ್ಲೇ ಹಾಡಿಸಿದರು. ಪದದ ಸ್ವರ ಇಳಿಯಬೇಕಾದಲ್ಲಿ ಧಾಟಿ ಏರುತ್ತಿತ್ತು. ಅರ್ಥ ಕೆಡುತ್ತಿತ್ತು, ಕೆಲವೊಮ್ಮೆ ನಗೆಪಾಟಲಾಗುತ್ತಿತ್ತು. ಜನ ತಮ್ಮದೇ ಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದರು. ಆದರೆ ಕಿವಿಗೆ ಬೀಳುತ್ತಿದ್ದ ಮಾತು ಅವರದಾಗಿರಲಿಲ್ಲ.

ಲಾಗೋಸಿನ ಕ್ಯಾಥೆಡ್ರಲ್‌ನಲ್ಲಿ ಆರ್ಗನ್ ನುಡಿಸುತ್ತಿದ್ದ ಎಕುಂಡಾಯೊ ಫಿಲಿಪ್ಸ್ ಇದನ್ನು ತಿರುಗಿಸಿದರು. ಮೊದಲು ಮಾತಿನ ಏರಿಳಿತ, ಅದರ ಬೆನ್ನಿಗೆ ರಾಗ. ಅವರ ಗರಡಿಯಲ್ಲಿ ಪಳಗಿದವರು ಫೆಲಾ ಸೊವಾಂಡೆ (1905–1987). ಇವರು 1930ರ ದಶಕದಲ್ಲಿ ಇಂಜಿನಿಯರಿಂಗ್ ಓದಲೆಂದು ಲಂಡನ್ನಿಗೆ ಹೋದರು. ಅಲ್ಲಿ ಜಾಝ್ ನುಡಿಸಿದರು, ಆರ್ಗನ್ ವಾದನದ ಉನ್ನತ ಪರೀಕ್ಷೆ ಪಾಸು ಮಾಡಿದರು, ಕಿಂಗ್ಸ್‌ವೇ ಹಾಲ್‌ನ ಆರ್ಗನ್ ವಾದಕರಾದರು. ಯೊರುಬಾ ಧಾಟಿಗಳನ್ನೇ ಆಧಾರವಾಗಿಟ್ಟು ‘ಓಯಿಗಿಯಿಗಿ’, ‘ಒಬಾಂಗಿಜಿ’, ‘ಯೊರುಬಾ ಲಮೆಂಟ್’ ಮುಂತಾದ ಆರ್ಗನ್ ಕೃತಿಗಳನ್ನು ರಚಿಸಿದರು. ಇವುಗಳಲ್ಲಿ ಧಾಟಿ ಊರಿನದು, ಅದಕ್ಕೆ ಹೊಂದಿಸಿದ ಹಾರ್ಮನಿ ಯುರೋಪಿನಲ್ಲಿ ಕಲಿತದ್ದು.

ಇನ್ನು ತಾಳದ ಸಮಸ್ಯೆ. ಮೃದಂಗದ ಮೇಲೆ ಬೆರಳು ಜೋರಾಗಿ ಬಿದ್ದರೆ ಪೆಟ್ಟು ಗಟ್ಟಿ. ಪೈಪ್ ಆರ್ಗನ್ನಿನ ಕೀ ಎಷ್ಟೇ ಬಿರುಸಾಗಿ ಒತ್ತಿದರೂ ಸದ್ದು ಅಷ್ಟೇ. ಬೆರಳು ತೆಗೆಯುವವರೆಗೂ ಒಂದೇ ಸಮ. ಹಾಗಿದ್ದರೆ ಡೋಲಿನ ಲಯ ಬರುವುದು ಹೇಗೆ? ಸ್ವರವನ್ನು ಗಿಡ್ಡಗೆ ಕತ್ತರಿಸಿ, ನಡುವೆ ಮೌನ ಬಿಡಬೇಕು. ಕಾಲಿನಿಂದ ನುಡಿಸುವ ಪೆಡಲ್‌ನಲ್ಲಿ ಒಂದು ಚಿಕ್ಕ ತುಣುಕನ್ನು ಮತ್ತೆ ಮತ್ತೆ ತರಬೇಕು. ಕೈಗಳಲ್ಲಿ ಎರಡರ ನಡೆ, ಮೂರರ ನಡೆ ಒಟ್ಟಿಗೆ ಸಾಗಬೇಕು. ನಮ್ಮ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟಂತೆ ಉಳಿದವರು ಹಾಡುತ್ತಾರಲ್ಲ, ಅಂಥ ಕ್ರಮ ಅಲ್ಲಿಯೂ ಇದೆ: ಒಂದು ಕೀಬೋರ್ಡ್ ಕರೆಯುತ್ತದೆ, ಇನ್ನೊಂದು ಬೇರೆ ಪೈಪುಗಳ ದನಿಯಲ್ಲಿ ಓಗೊಡುತ್ತದೆ.

ಮುಂದೆ ಆಯೊ ಬಂಕೋಲೆ ಮೊದಲಾದವರು ಈ ದಾರಿಯನ್ನು ಬೆಳೆಸಿದರು. ಸೊವಾಂಡೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿ, ಒಹಾಯೊದಲ್ಲಿ ತೀರಿಕೊಂಡರು.

ಬಿಡುವಾದಾಗ ‘ಓಯಿಗಿಯಿಗಿ’ ಹುಡುಕಿ ಕೇಳಿ. ಮೊದಲು ಮೂಲ ಧಾಟಿಯನ್ನು ಗುನುಗುವಷ್ಟು ಗುರುತು ಹಿಡಿಯಿರಿ. ಆಮೇಲೆ ಅದು ಒಂದೊಂದು ಸುತ್ತಿನಲ್ಲೂ ಎಲ್ಲಿ ಅಡಗುತ್ತದೆ, ಎಲ್ಲಿ ಮತ್ತೆ ತಲೆ ಎತ್ತುತ್ತದೆ ಎಂದು ಹಿಂಬಾಲಿಸಿ. ಹಾಡಿನಲ್ಲಿ ಪದವಿಲ್ಲ, ಮಾತಿನ ಏರಿಳಿತ ಮಾತ್ರ ಉಳಿದಿದೆ.