ನಮ್ಮ ತೋಟದ ಹಾರುವ ಓತಿ

ಓತಿಗಳ ಬಗ್ಗೆ ಸಂಶೋಧನೆ ಮಾಡೋಕೆ ಮರುಭೂಮಿಗೇ ಹೋಗ್ಬೇಕಾ? ಬೇಡ. ದಕ್ಷಿಣ ಕನ್ನಡದ ರಾಮಕುಂಜದ ಕಡೆಯ ಅಡಿಕೆ ತೋಟಕ್ಕೆ ಬನ್ನಿ, ತಲೆ ಎತ್ತಿ ನೋಡಿ.

ಅಲ್ಲಿ ಕಾಣೋದೇ ಹಾರುವ ಓತಿ. ವೈಜ್ಞಾನಿಕ ಹೆಸರು ಡ್ರೇಕೋ ಡುಸುಮಿಯೇರಿ. ಪಶ್ಚಿಮ ಘಟ್ಟದ ಆಸುಪಾಸಿನ ಕಾಡು, ತೋಟಗಳೇ ಇದರ ಮನೆ. ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯಲ್ಲಿ ಎಲ್ಲರೂ ಹುಡುಕಿಕೊಂಡು ಹೊರಟದ್ದೂ ಹಾರುವ ಓತಿಯನ್ನೇ.

ಮೈಬಣ್ಣ ಥೇಟ್ ಮರದ ತೊಗಟೆ. ಕಾಂಡಕ್ಕೆ ಅಂಟಿ ಕೂತರೆ ಕಣ್ಣಿಗೇ ಬೀಳಲ್ಲ. ಗಂಡು ಗಂಟಲಿನ ಹಳದಿ ಚೀಲ ಚಾಚಿದಾಗ ಮಾತ್ರ ಸಿಕ್ಕಿಬೀಳುತ್ತೆ!

ರೆಕ್ಕೆ ಎಲ್ಲಿಂದ ಬಂತು? ಉದ್ದ ಬೆಳೆದ ಪಕ್ಕೆಲುಬುಗಳ ಮೇಲಿನ ಚರ್ಮವೇ ರೆಕ್ಕೆ. ಕೊಡೆಯ ಹಾಗೆ ಬಿಚ್ಚುತ್ತೆ, ಮಡಚುತ್ತೆ. ಬಡಿಯೋಕಾಗಲ್ಲ, ತೇಲೋಕೆ ಮಾತ್ರ.

2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೊಂದು ಗುಟ್ಟು ಬಿಚ್ಚಿಟ್ಟಿತು. ಜಿಗಿದ ಕೂಡಲೇ ಓತಿ ಮುಂಗಾಲುಗಳನ್ನು ಹಿಂದಕ್ಕೆ ತಿರುಗಿಸಿ ರೆಕ್ಕೆಯ ಅಂಚನ್ನೇ ಹಿಡಿದುಕೊಳ್ಳುತ್ತೆ. ಇನ್ನೇನು ಮರ ಮುಟ್ಟಬೇಕು ಅನ್ನುವಾಗ ಕೈಬಿಡುತ್ತೆ. ಇದನ್ನು ಪತ್ತೆಹಚ್ಚಿದ್ದು ಜರ್ಮನಿಯ ಮ್ಯಾಕ್ಸಿಮಿಲಿಯನ್ ಡೇಲಿಂಗ್, ಓತಿಯ ನೆಲೆಯಲ್ಲೇ ಫೋಟೋ ತೆಗೆದು.

ಊಟ? ಹೆಚ್ಚಾಗಿ ಇರುವೆ. ನೆಲಕ್ಕಿಳಿಯೋದು ಅಪರೂಪ. ಹೆಣ್ಣು ಮೊಟ್ಟೆ ಇಡೋಕೆ ಕೆಳಗಿಳಿದು ಮಣ್ಣು ಕೆದಕುತ್ತೆ. ಆಗ ಕಂಡರೆ ಓಡಿಸಬೇಡಿ, ಮುಟ್ಟಬೇಡಿ. ದೂರದಿಂದ ವಿಡಿಯೋ ಮಾಡಿ, ಜಾಗ, ದಿನ ಬರೆದಿಡಿ. ಕ್ಷೇತ್ರ ಅಧ್ಯಯನ ಶುರುವಾಗೋದೇ ಹೀಗೆ.

ನಿಮ್ಮ ತೋಟದಲ್ಲಿ ಇದನ್ನು ನೋಡಿದ್ದೀರಾ? ಕಮೆಂಟ್‌ನಲ್ಲಿ ಊರಿನ ಹೆಸರು ಹಾಕಿ.