ದುಡಿಮೆಗಾಗಿ ದೂರವಿರುವ ದಂಪತಿಗಳು ಮತ್ತು ಪೌರತ್ವದ ಅರ್ಜಿ

ಪಾಲಾರ್‌ನಿಂದ ಕೊಳ್ಳೇಗಾಲದವರೆಗಿನ ನಮ್ಮ ಸೀಮೆಯಲ್ಲಿ ಸಂಸಾರ ಒಂದೆಡೆ, ದುಡಿಮೆ ಇನ್ನೊಂದೆಡೆ ಎಂಬುದು ಹೊಸ ಸಂಗತಿಯೇನಲ್ಲ. ಮಳೆ ಕೈಕೊಟ್ಟ ವರ್ಷ ಮನೆಯ ಯಜಮಾನನು ಬೆಂಗಳೂರಿಗೋ ತಿರುಪ್ಪೂರಿಗೋ ಹೊರಡುತ್ತಾನೆ. ಹೊಲಮನೆಯ ಭಾರ ಮಡದಿಯ ಮೇಲೆ ಬೀಳುತ್ತದೆ. ಆದರೆ ದಂಪತಿಗಳಲ್ಲಿ ಒಬ್ಬರು ಭಾರತದ ಪೌರರಾಗಿದ್ದು ಮತ್ತೊಬ್ಬರು ಆಗಿಲ್ಲದಿದ್ದಲ್ಲಿ ಈ ಅಗಲಿಕೆಯು ಸರ್ಕಾರಿ ಕಡತದೊಳಕ್ಕೂ ಪ್ರವೇಶಿಸುತ್ತದೆ. ಈ ಪ್ರಶ್ನೆಯನ್ನು ಕೇಳುವವರು ನಮ್ಮ ನೆರೆಯಲ್ಲಿಯೇ ಇದ್ದಾರೆ.

ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಟಿಬೆಟನ್ ವಸತಿ ಪ್ರದೇಶ 1970ರ ದಶಕದಲ್ಲಿ ನೆಲೆಗೊಂಡಿತು. ಬೈಲುಕುಪ್ಪೆ, ಮುಂಡಗೋಡು, ಹುಣಸೂರುಗಳ ನೆಲೆಗಳಂತೆ ಇದೂ ನಿರಾಶ್ರಿತರಿಗಾಗಿ ಕರ್ನಾಟಕವು ಒದಗಿಸಿದ ಭೂಮಿ. ಇವರು ಬೆಳೆಯುವ ಮುಸುಕಿನ ಜೋಳದ ವ್ಯಾಪಾರವನ್ನು ನಮ್ಮ ವರ್ತಕರು ಬಲ್ಲರು. ಚಳಿಗಾಲ ಬಂತೆಂದರೆ ಇಲ್ಲಿನ ಅನೇಕ ಕುಟುಂಬಗಳ ಒಬ್ಬರು ಲೂಧಿಯಾನದಿಂದ ಉಣ್ಣೆ ಉಡುಪುಗಳನ್ನು, ಬಹುಪಾಲು ಉದ್ದರಿಯ ಮೇಲೆಯೇ, ತರಿಸಿಕೊಂಡು ದೂರದ ಪಟ್ಟಣಗಳಲ್ಲಿ ಮಾರಲು ಹೊರಡುತ್ತಾರೆ. ಋತು ಮುಗಿದು ಸಗಟು ವ್ಯಾಪಾರಿಯ ಬಾಕಿ ತೀರುವವರೆಗೆ ಗಂಡಹೆಂಡಿರು ಬೇರೆಬೇರೆ ಊರುಗಳಲ್ಲಿರುವುದು ಅವರಿಗೆ ವಾಡಿಕೆ.

ವಿಷಯವು ಸ್ಪಷ್ಟವಾಗಲೆಂದು ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಗಂಡ ಒಡೆಯರಪಾಳ್ಯದಲ್ಲಿ 1979ರಲ್ಲಿ ಹುಟ್ಟಿದವನು. ಹುಬ್ಬಳ್ಳಿಯಲ್ಲಿ ಉಡುಪಿನ ಅಂಗಡಿ ಇಟ್ಟಿದ್ದಾನೆ. ಹೆಂಡತಿ 1990ರಲ್ಲಿ ಬೈಲುಕುಪ್ಪೆಯಲ್ಲಿ ಹುಟ್ಟಿದವಳು. ಅವಳ ತಂದೆತಾಯಿಗಳು ಟಿಬೆಟ್‌ನಲ್ಲಿ ಹುಟ್ಟಿ ಬಂದವರು. ಅವಳು ಒಡೆಯರಪಾಳ್ಯದಲ್ಲಿಯೇ ಇದ್ದು ಬೇಸಾಯ ಮಾಡಿಸುತ್ತಾಳೆ. ಇಬ್ಬರ ಕೈಯಲ್ಲೂ ವಿದೇಶೀಯರ ನೋಂದಣಿ ಪತ್ರವಿದೆ. ಹೊರನೋಟಕ್ಕೆ ಇಬ್ಬರ ಸ್ಥಿತಿಯೂ ಒಂದೇ. ಕಾನೂನಿನ ದೃಷ್ಟಿಯಲ್ಲಿ ಹಾಗಲ್ಲ.

1955ರ ಪೌರತ್ವ ಕಾಯ್ದೆಯ 3ನೇ ಪ್ರಕರಣದ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ತಂದೆತಾಯಿಗಳು ಯಾವ ದೇಶದವರೆಂಬ ಪ್ರಶ್ನೆ ಅಲ್ಲಿ ಸಾಮಾನ್ಯವಾಗಿ ಏಳದು. ಆದುದರಿಂದ ನಮ್ಮ ಗೃಹಸ್ಥನು ಪೌರತ್ವಕ್ಕೆ ಅರ್ಜಿ ಹಾಕಬೇಕಾಗಿಯೇ ಇಲ್ಲ, ಅವನು ಪೌರನೇ. ಹಿಮಾಚಲದ ಕಾಂಗ್ರಾದಲ್ಲಿ 1986ರಲ್ಲಿ ಜನಿಸಿದ ನಾಮ್‌ಗ್ಯಾಲ್ ಡೋಲ್ಕರ್ ಅವರ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟು 2010ರ ಡಿಸೆಂಬರ್‌ನಲ್ಲಿ ಹೀಗೆಂದೇ ತೀರ್ಪಿತ್ತಿತು. ತಾನು ಟಿಬೆಟನ್ ಎಂದು ಹಿಂದೆ ಕಾಗದದಲ್ಲಿ ಬರೆದುಕೊಟ್ಟಿದ್ದ ಮಾತ್ರಕ್ಕೆ ಹುಟ್ಟಿನ ಪೌರತ್ವ ಅಳಿಯುವುದಿಲ್ಲವೆಂಬುದು ಆ ತೀರ್ಪಿನ ಸಾರ. ಕರ್ನಾಟಕ ಹೈಕೋರ್ಟು 2013ರಲ್ಲಿ ಇದೇ ನಿಲುವನ್ನು ತಳೆಯಿತು. 2014ರಲ್ಲಿ ಚುನಾವಣಾ ಆಯೋಗವು ಇಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವಂತೆ ಸೂಚಿಸಿತು.

ಹೆಂಡತಿಯ ವಿಚಾರ ಬೇರೆ. 1987ರ ಜುಲೈ 1ರ ನಂತರ, 2004ರ ಡಿಸೆಂಬರ್ 3ಕ್ಕೆ ಮೊದಲು ಹುಟ್ಟಿದವರಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಪೌರರಾಗಿರಬೇಕು. ಅವಳ ತಂದೆಯೋ ತಾಯಿಯೋ 1960ರ ದಶಕದಲ್ಲಿ ಇಲ್ಲಿಯೇ ಹುಟ್ಟಿದ್ದರೆ ಅವಳೂ ಹುಟ್ಟಿನಿಂದಲೇ ಪೌರಳಾಗುತ್ತಿದ್ದಳು. ಹಾಗಿಲ್ಲದ ಕಾರಣ ಅವಳಿಗಿರುವ ಮಾರ್ಗ ಕಾಯ್ದೆಯ 5(1)(ಸಿ) ಪ್ರಕರಣ, ಅಂದರೆ ಭಾರತದ ಪೌರನನ್ನು ವಿವಾಹವಾಗಿ ಏಳು ವರ್ಷ ಇಲ್ಲಿ ಸಾಮಾನ್ಯ ನಿವಾಸಿಯಾಗಿರುವವರು ನೋಂದಣಿಯ ಮೂಲಕ ಪೌರತ್ವ ಕೋರುವ ಮಾರ್ಗ.

ಇಲ್ಲಿಯೇ ಹೆಚ್ಚಿನವರು ಎಡವುವುದು. ಗಂಡ ಹುಬ್ಬಳ್ಳಿಯಲ್ಲಿ, ಹೆಂಡತಿ ಒಡೆಯರಪಾಳ್ಯದಲ್ಲಿ ಇರುವುದರಿಂದ ಅರ್ಜಿ ಬಿದ್ದುಹೋಗುವುದೆಂಬ ಭಯ ಅನೇಕರಲ್ಲಿದೆ. ಪ್ರಕರಣವನ್ನು ಓದಿದರೆ ಅದು ಕೇಳುವುದು ಎರಡನ್ನೇ: ವಿವಾಹ ಊರ್ಜಿತವಾಗಿರಬೇಕು, ಅರ್ಜಿದಾರರು ಭಾರತದಲ್ಲಿ ನೆಲೆಸಿರಬೇಕು. ದಂಪತಿಗಳು ಒಂದೇ ಸೂರಿನಡಿ ಇರಬೇಕೆಂಬ ಮಾತು ಅದರಲ್ಲಿಲ್ಲ. ಲೆಕ್ಕ ಹಿಡಿಯುವುದು ಭಾರತದಿಂದ ಹೊರಗಿದ್ದ ದಿನಗಳನ್ನೇ ಹೊರತು ಗಂಡನಿಂದ ದೂರವಿದ್ದ ದಿನಗಳನ್ನಲ್ಲ. ಲೂಧಿಯಾನಕ್ಕೆ ಹೋಗಿ ಮೂರು ತಿಂಗಳು ಕುಳಿತರೂ ಅದು ಭಾರತವೇ.

ಲೆಕ್ಕದ ಕ್ರಮ ಹೀಗಿದೆ. ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಅರ್ಜಿದಾರರು ಎಡೆಬಿಡದೆ ದೇಶದಲ್ಲಿರಬೇಕು. ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷಕ್ಕೆ ಕಡಿಮೆಯಿಲ್ಲದಂತೆ ಇಲ್ಲಿದ್ದಿರಬೇಕು. ಅಂದರೆ ಒಟ್ಟು ಒಂಬತ್ತು ವರ್ಷಗಳ ಲೆಕ್ಕದಲ್ಲಿ ಮೊದಲ ಎಂಟರಲ್ಲಿ ಎರಡು ವರ್ಷದ ರಿಯಾಯಿತಿ, ಕೊನೆಯ ಒಂದರಲ್ಲಿ ಏನೂ ಇಲ್ಲ. 2015ರ ತಿದ್ದುಪಡಿಯು ಇದನ್ನು ಕೊಂಚ ಸಡಿಲಿಸಿ, ವಿಶೇಷ ಸಂದರ್ಭವಿದ್ದಲ್ಲಿ ಕೊನೆಯ ಹನ್ನೆರಡು ತಿಂಗಳಲ್ಲಿ ಮೂವತ್ತು ದಿನಗಳವರೆಗಿನ ಗೈರನ್ನು, ಬಿಡಿಬಿಡಿಯಾಗಿದ್ದರೂ, ಮನ್ನಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿತು. ಹೊರದೇಶದ ಬಂಧುಗಳನ್ನು ನೋಡಿಬರುವ ಪ್ರಯಾಣವಿದ್ದರೆ ಆ ಕೊನೆಯ ವರ್ಷಕ್ಕೆ ಮುಂಚೆಯೇ ಮುಗಿಸಿಕೊಳ್ಳುವುದು ಲೇಸು.

ಅರ್ಜಿಯು ಜಿಲ್ಲಾಧಿಕಾರಿಯವರ ಮೂಲಕ ರಾಜ್ಯಕ್ಕೆ, ಅಲ್ಲಿಂದ ಕೇಂದ್ರ ಗೃಹ ಸಚಿವಾಲಯಕ್ಕೆ ಸಾಗುತ್ತದೆ. ನಡುವೆ ಪೊಲೀಸ್ ವಿಚಾರಣೆ ಬರುತ್ತದೆ. ಬೇರೆಬೇರೆ ವಿಳಾಸಗಳಿಂದ ತೊಂದರೆಯಾಗುವುದಿದ್ದರೆ ಈ ಹಂತದಲ್ಲಿ. ಪೇದೆ ಮನೆಗೆ ಬಂದಾಗ ಗಂಡ ಇಲ್ಲ, ಏಕಿಲ್ಲವೆಂದು ತೋರಿಸುವ ಕಾಗದವೂ ಇಲ್ಲ ಎಂದಾದರೆ ವರದಿಯಲ್ಲಿ ಅನುಮಾನದ ಸಾಲು ಸೇರುತ್ತದೆ. ಅಂಗಡಿಯ ಬಾಡಿಗೆ ಕರಾರು, ವ್ಯಾಪಾರ ಪರವಾನಗಿ, ಬ್ಯಾಂಕಿನಿಂದ ಮನೆಗೆ ಹಣ ಕಳಿಸಿದ ವಿವರ, ಇವು ಆಗ ಮಾತಿಗಿಂತ ಹೆಚ್ಚು ತೂಗುತ್ತವೆ. ವಿವಾಹ ನೋಂದಣಿಯಂತೂ ಅತ್ಯಗತ್ಯ. ಹಿಂದೂ ವಿವಾಹ ಕಾಯ್ದೆ ಬೌದ್ಧರಿಗೂ ಅನ್ವಯಿಸುತ್ತದೆಂಬುದು ಹಲವರಿಗೆ ತಿಳಿಯದು. ಎಷ್ಟೋ ವರ್ಷ ಹಿಂದೆ ಮಠದಲ್ಲಿ ನಡೆದ ಮದುವೆಯನ್ನು ಅರ್ಜಿಯ ಹಿಂದಿನ ವಾರ ನೋಂದಾಯಿಸಲು ಓಡುವುದು ಕಷ್ಟದ ಕೆಲಸ.

ಇನ್ನೊಂದು ಕಠಿಣ ಅಂಶವಿದೆ. ಸೂಕ್ತ ದಾಖಲೆಗಳಿಲ್ಲದೆ ದೇಶವನ್ನು ಪ್ರವೇಶಿಸಿದವರನ್ನು ಕಾಯ್ದೆ ಕಾನೂನುಬಾಹಿರ ವಲಸಿಗರೆಂದು ಕರೆಯುತ್ತದೆ. ಅಂಥವರಿಗೆ 5ನೇ ಪ್ರಕರಣದ ಬಾಗಿಲು ಮುಚ್ಚಿದೆ. ನಮ್ಮ ಉದಾಹರಣೆಯ ಹೆಂಗಸು ಇಲ್ಲಿಯೇ ಹುಟ್ಟಿದವಳಾದುದರಿಂದ ಅವಳು ಎಲ್ಲಿಂದಲೂ ಪ್ರವೇಶಿಸಿಲ್ಲವೆಂಬ ವಾದ ನನಗೆ ಸಮಂಜಸವೆನಿಸುತ್ತದೆ. ಟಿಬೆಟ್‌ನಿಂದ ಗಡಿ ದಾಟಿ ಬಂದ ಪತ್ನಿಯ ಹಾದಿ ಇಷ್ಟು ಸುಲಭವಲ್ಲ. ನೋಂದಣಿಯ ಪೌರತ್ವವು ಸರ್ಕಾರದ ವಿವೇಚನೆಗೆ ಸೇರಿದ್ದು, ಹಕ್ಕಲ್ಲ ಎಂಬುದನ್ನೂ ಮರೆಯಲಾಗದು.

ಗಂಡನ ಹಕ್ಕು ಗಟ್ಟಿಯಾದರೂ ಅದಕ್ಕೆ ಬೆಲೆ ತೆರಬೇಕಾಗಿ ಬಂತು. 2017ರ ಮಾರ್ಚ್‌ನಲ್ಲಿ ವಿದೇಶಾಂಗ ಸಚಿವಾಲಯವು ಇಂಥವರ ಪಾಸ್‌ಪೋರ್ಟ್ ಅರ್ಜಿಗಳನ್ನು ಪರಿಶೀಲಿಸುವಂತೆ ಕಚೇರಿಗಳಿಗೆ ತಿಳಿಸಿತು. ಆದರೆ ಅದೇ ಜೂನ್‌ನಲ್ಲಿ ಷರತ್ತುಗಳು ಬಂದವು: ನೋಂದಣಿ ಪತ್ರವನ್ನು ರದ್ದುಪಡಿಸಿಕೊಳ್ಳಬೇಕು, ನಿರಾಶ್ರಿತರಿಗೆ ದೊರೆಯುವ ಸೌಲಭ್ಯಗಳನ್ನು ಬಿಡಬೇಕು, ನಿಗದಿತ ವಸತಿ ಪ್ರದೇಶದಲ್ಲಿ ವಾಸಿಸಬಾರದು. ವ್ಯಾಪಾರಕ್ಕಾಗಿ ಹುಬ್ಬಳ್ಳಿಯಲ್ಲಿದ್ದವನು ಈಗ ಕಾಗದದ ಮೇಲೂ ಒಡೆಯರಪಾಳ್ಯದವನಾಗಿ ಉಳಿಯುವಂತಿಲ್ಲ. ನಿರಾಶ್ರಿತಳಾಗಿ ಮನೆ, ಜಮೀನು ಹಿಡಿದಿರುವ ಹೆಂಡತಿ ಅದನ್ನು ಬಿಟ್ಟು ಬರುವಂತಿಲ್ಲ. ದುಡಿಮೆಯ ಅಗಲಿಕೆ ಋತುವಿನೊಂದಿಗೆ ಮುಗಿಯುತ್ತಿತ್ತು, ಇದು ಮುಗಿಯುವುದಿಲ್ಲ. ಹುಟ್ಟಿನಿಂದ ಪೌರನೆಂದು ನ್ಯಾಯಾಲಯ ಹೇಳಿದವನಿಗೆ ವಾಸದ ಷರತ್ತು ಏಕೆ ಎಂಬುದಕ್ಕೆ ಪೌರತ್ವ ಕಾಯ್ದೆಯಲ್ಲಿ ಉತ್ತರ ಸಿಗದು. ಅನೇಕರು ಪಾಸ್‌ಪೋರ್ಟಿನ ಗೊಡವೆಗೇ ಹೋಗದಿರುವುದಕ್ಕೆ ಭೀತಿಗಿಂತ ಈ ಲೆಕ್ಕಾಚಾರವೇ ಕಾರಣವೆಂದು ನನ್ನ ಅಭಿಪ್ರಾಯ.

ಮಕ್ಕಳು ಅಮೆರಿಕದಲ್ಲಿರುವ ನಮ್ಮ ಸದಸ್ಯರಿಗೆ ಒಂದು ಮಾತು. ಅಲ್ಲಿನ ನಿಯಮ ನಮ್ಮದಕ್ಕೆ ವಿರುದ್ಧ. ಅಲ್ಲಿನ ಪೌರರನ್ನು ಮದುವೆಯಾದ ಕಾಯಂ ನಿವಾಸಿಗಳು ಐದು ವರ್ಷದ ಬದಲು ಮೂರೇ ವರ್ಷಕ್ಕೆ ಅರ್ಜಿ ಹಾಕಬಹುದು, ಆದರೆ ಆ ಮೂರು ವರ್ಷವೂ ದಂಪತಿಗಳು ಕೂಡಿ ಬಾಳಿರಬೇಕು. ಉದ್ಯೋಗದ ಅನಿವಾರ್ಯತೆಯಿಂದ ಆದ ಅಗಲಿಕೆಯನ್ನು ದೋಷವೆಂದು ಎಣಿಸುವುದಿಲ್ಲವಾದರೂ ಅದನ್ನು ಸಾಬೀತುಪಡಿಸುವ ಹೊರೆ ಅರ್ಜಿದಾರರದು. ಅದು ಆಗದಿದ್ದರೆ ಐದು ವರ್ಷ ಕಾಯುವ ಸಾಮಾನ್ಯ ದಾರಿ ಇದ್ದೇ ಇದೆ. ಆ ಪೌರತ್ವ ಪಡೆದೊಡನೆ ಭಾರತದ ಪೌರತ್ವ ಹೋಗುತ್ತದೆ.

ಮರಳಿ ಒಡೆಯರಪಾಳ್ಯಕ್ಕೆ. ಈ ದಂಪತಿಗಳಿಗೆ 2012ರಲ್ಲಿ ಹುಟ್ಟಿದ ಮಗುವಿದೆಯೆನ್ನಿ. 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ಪೋಷಕರಲ್ಲಿ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಕಾನೂನುಬಾಹಿರ ವಲಸಿಗರಾಗಿರದಿದ್ದರೆ ಸಾಕು. ತಾಯಿಯ ಅರ್ಜಿ ಇತ್ಯರ್ಥವಾಗುವ ಮೊದಲೇ ಮಗು ಪೌರ. ಆದರೆ ಇವೆಲ್ಲಕ್ಕೂ ಆಧಾರ ತಂದೆಯ ಜನನ ಪ್ರಮಾಣ ಪತ್ರ. 1979ರಲ್ಲಿ ಗುಡಿಸಲಿನಲ್ಲಿ ಹುಟ್ಟಿದವನಿಗೆ ಅದು ಇಲ್ಲದಿರಬಹುದು. ಒಂದು ವರ್ಷಕ್ಕಿಂತ ತಡವಾದ ಜನನವನ್ನು ನೋಂದಾಯಿಸಲು ಮೊದಲು ನ್ಯಾಯಾಲಯಕ್ಕೆ ಹೋಗಬೇಕಾಗಿತ್ತು. 2023ರ ತಿದ್ದುಪಡಿಯ ನಂತರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶದ ಮೇಲೆ ಅದನ್ನು ಮಾಡಿಸಬಹುದು. ಉಪವಿಭಾಗಾಧಿಕಾರಿಯವರ ಕಚೇರಿ ಕೊಳ್ಳೇಗಾಲದಲ್ಲಿಯೇ ಇದೆ.